ಎದಿ ಫೋಟೋ

ನಮ್ಮ ಕಡೆ ಎಕ್ಸ್‌ರೇಗೆ ಎಕ್ಸ್‌ರೇ ಅನ್ನೋರು ಕಡಿಮೆ. ‘ಫೋಟೋ’ ಅಂತಾರೆ. ಕಾಲು ಮುರಿದರೆ ಕಾಲಿನ ಫೋಟೋ, ಕೆಮ್ಮು ನಿಲ್ಲದಿದ್ದರೆ ಎದಿ ಫೋಟೋ. “ಸಿಂಧನೂರಿಗೆ ಹೋಗಿ ಎದಿ ಫೋಟೋ ತೆಗಿಸ್ಕೊಂಡ್ ಬಂದ್ನಿ” ಅನ್ನೋ ಮಾತು ಕೇಳ್ತಾನೇ ಬೆಳೆದವನು ನಾನು. ಬೆಂಗಳೂರಿಗೆ ಬಂದ ಹೊಸದರಲ್ಲಿ ಈ ಮಾತಿಗೆ ರೂಮ್‌ಮೇಟ್‌ಗಳು ಬಿದ್ದು ಬಿದ್ದು ನಕ್ಕಿದ್ದರು. ನಗಲಿ ಬಿಡಿ. ನಾನು ಈಗ ಇದೇ ಫೋಟೋಗಳನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಸಾಗಿಸೋ ಸಾಫ್ಟ್‌ವೇರ್ ಬರೆದು ಸಂಬಳ ತಗೋತೀನಿ, ಹಾಗಾಗಿ ಇವುಗಳ ಚರಿತ್ರೆ ಓದೋದು ಒಂದು ಚಟ ಆಗಿಬಿಟ್ಟಿದೆ. ಓದಿದಷ್ಟೂ ಅನ್ನಿಸೋದು ನಮ್ಮೂರವರ ಮಾತೇ ಸರಿ ಅಂತ. ಅದು ಫೋಟೋನೇ. ಫೋಟೋದಲ್ಲಿ ಯಾರಿದ್ದಾರೆ ಅಂತ ಬೇರೆ ಯಾರೋ ಹೇಳಬೇಕಾಗುತ್ತೆ.

ಡಿಜಿಟಲ್ ಬರೋಕೆ ಮುಂಚೆ ಆ ಕಪ್ಪು ಹಾಳೆ ಮನೆಯ ಒಂದು ಆಸ್ತಿ. ಖಾಕಿ ಬಣ್ಣದ ದೊಡ್ಡ ಲಕೋಟೆಯಲ್ಲಿ, ಟ್ರಂಕಿನ ತಳದಲ್ಲಿ, ಹೊಲದ ಪಹಣಿ ಪತ್ರದ ಜೊತೆ ಇರುತ್ತಿತ್ತು. ಯಾವ ಹೊಸ ದವಾಖಾನೆಗೆ ಹೋದರೂ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಬೇಕು. ಡಾಕ್ಟರು ಕಿಟಕಿ ಬೆಳಕಿಗೆ ಹಿಡಿದು ಎರಡು ಸೆಕೆಂಡು ನೋಡಿ, “ಇದು ಹಳೇದಾಯ್ತು, ಹೊಸದು ತೆಗೆಸ್ರಿ” ಅಂತಿದ್ದರು. ಗ್ರಹಣ ಬಂದಾಗ ಮಾತ್ರ ಆ ಹಾಳೆಗೆ ಓಣಿಯಲ್ಲೆಲ್ಲ ಬೇಡಿಕೆ. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ರಾಯಚೂರು ಜಿಲ್ಲೆಯ ಮೇಲೇ ಹಾದುಹೋಯಿತು. ಸಿಂಧನೂರು ತಾಲೂಕಿನ ಜವಳಗೇರಾದಲ್ಲಿ ಬೆಂಗಳೂರಿನ ಖಭೌತ ಸಂಸ್ಥೆಯ ವಿಜ್ಞಾನಿಗಳು ದೂರದರ್ಶಕ ಹೂಡಿ ಕೂತಿದ್ದರು. ಊರಿನ ಹೆಚ್ಚಿನ ಜನ ಬಾಗಿಲು ಹಾಕಿಕೊಂಡು ಒಳಗಿದ್ದರಂತೆ, ಧೈರ್ಯಸ್ಥರು ಎಕ್ಸ್‌ರೇ ಹಾಳೆ ಹಿಡಿದು ಅಂಗಳಕ್ಕೆ ಬಂದರಂತೆ. (ದಯವಿಟ್ಟು ನೀವು ಹಾಗೆ ಮಾಡಬೇಡಿ. ಆ ಹಾಳೆ ಕಣ್ಣಿಗೆ ರಕ್ಷಣೆ ಕೊಡಲ್ಲ.)

ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್‌ಹೆಲ್ಮ್ ರೋಂಟ್‌ಜೆನ್ ಈ ಕಿರಣಗಳನ್ನು ಕಂಡದ್ದು 1895ರ ನವೆಂಬರ್ 8ರಂದು. ಡಿಸೆಂಬರ್ 22ಕ್ಕೆ ಹೆಂಡತಿ ಬರ್ತಾಳ ಕೈ ಇಟ್ಟು ಚಿತ್ರ ತೆಗೆದ. ಮೂಳೆ, ಬೆರಳಲ್ಲಿ ಉಂಗುರ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಅವನಿಗೇ. ಪೇಟೆಂಟ್ ಬೇಡ ಅಂದ ಪುಣ್ಯಾತ್ಮ, ಹಾಗಾಗಿ ಯಂತ್ರ ಪ್ರಪಂಚಕ್ಕೆಲ್ಲ ಬೇಗ ಹಬ್ಬಿತು. ಭಾರತಕ್ಕೆ ಬಂದದ್ದೂ ಬೇಗನೇ. ಆದರೆ ರೋಗಿಗಳಿಗಾಗಿ ಅಲ್ಲ. 1897-98ರ ತೀರಾ ದಂಡಯಾತ್ರೆಯಲ್ಲಿ, ವಾಯವ್ಯ ಗಡಿಯ ಬೆಟ್ಟಗಳಲ್ಲಿ, ವಾಲ್ಟರ್ ಬೀವರ್ ಎಂಬ ಬ್ರಿಟಿಷ್ ಸೇನೆಯ ಸರ್ಜನ್ ಸಿಪಾಯಿಗಳ ಮೈಯಲ್ಲಿ ಹೊಕ್ಕ ಗುಂಡು ಎಲ್ಲಿದೆ ಅಂತ ಹುಡುಕೋಕೆ ಇದನ್ನು ಹೊತ್ತುಕೊಂಡು ಹೋಗಿದ್ದ.

ನಮ್ಮ ಸೀಮೆಗೆ ಬರೋದು ತಡವಾದದ್ದಕ್ಕೆ ದೊಡ್ಡ ಗುಟ್ಟೇನಿಲ್ಲ: ಕರೆಂಟು. ಎಕ್ಸ್‌ರೇ ಟ್ಯೂಬಿಗೆ ಹತ್ತಾರು ಸಾವಿರ ವೋಲ್ಟ್ ಬೇಕು, ಅದೂ ಏರಿಳಿತ ಇಲ್ಲದೆ. ಮೈಸೂರು ಸಂಸ್ಥಾನದಲ್ಲಿ 1902ಕ್ಕೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿ ಸೇರಿತ್ತು, 1905ಕ್ಕೆ ಬೆಂಗಳೂರಿನ ಬೀದಿಯಲ್ಲಿ ದೀಪ. ಅದೇ 1905ರಲ್ಲಿ ನಿಜಾಮರ ಸರ್ಕಾರ ಲಿಂಗಸುಗೂರು ಜಿಲ್ಲೆಯನ್ನೇ ರದ್ದು ಮಾಡಿತು. ಹೌದು, ಒಂದು ಕಾಲಕ್ಕೆ ದಂಡು ಇದ್ದ ಊರು, ಜಿಲ್ಲಾ ಕೇಂದ್ರ. ಜಿಲ್ಲೆ ಹೋದರೆ ದೊಡ್ಡ ದವಾಖಾನೆಯ ಆಸೆಯೂ ಹೋದಂತೆ. ಆಮೇಲೆ ಎಷ್ಟೋ ದಶಕ ನಮ್ಮವರಿಗೆ ‘ದೊಡ್ಡ ದವಾಖಾನಿ’ ಅಂದರೆ ಬಳ್ಳಾರಿ, ಹೈದರಾಬಾದು, ಇಲ್ಲವೇ ಮೀರಜ್.

ಎದಿ ಫೋಟೋ ಅಂದ ಕೂಡಲೇ ಮುಂದಿನ ಶಬ್ದ ಟಿ.ಬಿ. ಇಡೀ ಇಪ್ಪತ್ತನೇ ಶತಮಾನದಲ್ಲಿ ಎಕ್ಸ್‌ರೇ ಯಂತ್ರ ಅತಿ ಹೆಚ್ಚು ದುಡಿದದ್ದು ಇದೊಂದು ರೋಗಕ್ಕೆ. 1936ರಲ್ಲಿ ಬ್ರೆಜಿಲ್‌ನ ಮನುಯೆಲ್ ದೆ ಅಬ್ರೆಯು ಎಂಬ ವೈದ್ಯ ಒಂದು ಉಪಾಯ ಮಾಡಿದ: ದೊಡ್ಡ ಫಿಲ್ಮ್ ದುಬಾರಿ, ಆದ್ದರಿಂದ ಪರದೆಯ ಮೇಲೆ ಮೂಡೋ ನೆರಳನ್ನೇ ಸಣ್ಣ ಕ್ಯಾಮೆರಾದಲ್ಲಿ ಸೆರೆಹಿಡಿದರಾಯಿತು. ಅಂಗೈಯೊಳಗೆ ಹಿಡಿಯೋ ಪುಟ್ಟ ಫಿಲ್ಮ್‌ನಲ್ಲಿ ಒಬ್ಬರ ಎದೆ. ಈ ಯಂತ್ರವನ್ನು ವ್ಯಾನಿನಲ್ಲಿ ಹೇರಿಕೊಂಡು ಹೊರಟರೆ ಊರಿಗೆ ಊರನ್ನೇ ಸಾಲಲ್ಲಿ ನಿಲ್ಲಿಸಿ ಫೋಟೋ ತೆಗೆಯಬಹುದು. ಭಾರತದಲ್ಲಿ 1955ರಿಂದ 1958ರವರೆಗೆ ಇಂಥ ವ್ಯಾನುಗಳು ಹಳ್ಳಿ ಹಳ್ಳಿ ತಿರುಗಿ ಲಕ್ಷಾಂತರ ಎದೆಗಳ ಚಿತ್ರ ತೆಗೆದವು. ಗೊತ್ತಾದದ್ದು ಏನು? ಟಿ.ಬಿ. ಪಟ್ಟಣದ ರೋಗ, ಹೊಗೆ-ಕೊಳಚೆಯ ರೋಗ ಅಂತ ನಂಬಿದ್ದರು. ಹಳ್ಳಿಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ನೂರಕ್ಕೆ ಒಂದೂವರೆ ಜನರ ಎದೆಯಲ್ಲಿ ಸಂಶಯದ ನೆರಳು.

ಇಷ್ಟು ಜನರಿಗೆ ಸ್ಯಾನಟೋರಿಯಂ ಎಲ್ಲಿಂದ ತರೋದು? 1959ರಲ್ಲಿ ಮದ್ರಾಸಿನ ಅಧ್ಯಯನವೊಂದು ಮನೆಯಲ್ಲೇ ಇದ್ದು ಮಾತ್ರೆ ತಗೊಂಡರೂ ಸ್ಯಾನಟೋರಿಯಂನಷ್ಟೇ ಗುಣ ಅಂತ ತೋರಿಸಿಕೊಟ್ಟಿತು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕಡೆ ಹೋಗುವಾಗ ‘ಅವಲಾನ್’ ಅಂತ ಹಳೇ ಬಂಗಲೆಯ ಹೆಸರು ಉಳಿಸಿಕೊಂಡಿರೋ ಆವರಣ, ನೀವು ನೂರು ಸಲ ಕ್ಯಾಬಿನಲ್ಲಿ ದಾಟಿರ್ತೀರಿ. 1960ರ ಸೆಪ್ಟೆಂಬರ್ 16ರಂದು ನೆಹರೂ ಉದ್ಘಾಟಿಸಿದರು. ಅಲ್ಲಿ ಕೆಲಸ ಮಾಡಿದ ಡೆನ್ಮಾರ್ಕಿನ ಹಾಫ್‌ಡನ್ ಮಾಹ್ಲರ್ ಮುಂದೆ 1973ರಿಂದ 15 ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರಾದರು. ಬೆಂಗಳೂರಿನ ಬಗ್ಗೆ ಹೆಮ್ಮೆ ಪಡೋಕೆ ಐ.ಟಿ. ಒಂದೇ ಕಾರಣ ಅಲ್ಲ ಅಂತ ಹೇಳೋಕೆ ಈ ಮಾತು ಹೇಳಿದೆ.

ಅವರ ಪ್ರಯೋಗಶಾಲೆ ತುಮಕೂರು ಜಿಲ್ಲೆ. ಅಲ್ಲಿಯ ಹಳ್ಳಿಗಳಲ್ಲಿ ವ್ಯಾನಿನ ಎಕ್ಸ್‌ರೇ ಸಮೀಕ್ಷೆ ನಡೆಯಿತು. ಆಮೇಲೆ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅನ್ನೋ ಇಬ್ಬರು ಯಾರಿಗೂ ಹೊಳೆಯದಿದ್ದ ಕೆಲಸ ಮಾಡಿದರು. ಚಿತ್ರ ತೆಗೆದವರ ಮನೆಗೇ ಹೋಗಿ ಮಾತಾಡಿಸಿದರು. ನಿಮಗೇನಾದರೂ ತೊಂದರೆ ಇದೆಯಾ, ಎಷ್ಟು ದಿನದಿಂದ, ಏನು ಮಾಡಿದಿರಿ? ದಿಲ್ಲಿಯಲ್ಲಿ ಕೂತವರ ಲೆಕ್ಕ ಬೇರೆಯೇ ಇತ್ತು. ಹಳ್ಳಿಯವರು ಅಜ್ಞಾನಿಗಳು, ರೋಗ ಇದ್ದರೂ ಗೊತ್ತಾಗಲ್ಲ, ಗೊತ್ತಾದರೂ ದವಾಖಾನೆಗೆ ಬರಲ್ಲ, ಆದ್ದರಿಂದ ವ್ಯಾನ್ ಕಳಿಸಿ ಹಿಡಿದು ತರಬೇಕು ಅಂತ. 1963ರಲ್ಲಿ ಪ್ರಕಟವಾದ ಉತ್ತರ ನೋಡಿ: ಕಫದಲ್ಲಿ ಟಿ.ಬಿ. ಕ್ರಿಮಿ ಇದ್ದವರಲ್ಲಿ ನೂರಕ್ಕೆ 95 ಜನರಿಗೆ ತಮಗೆ ಏನೋ ಆಗಿದೆ ಅಂತ ಚೆನ್ನಾಗಿ ಗೊತ್ತಿತ್ತು. ಮುಕ್ಕಾಲು ಪಾಲಿಗೆ ಹತ್ತಿರ ಹತ್ತಿರ ಜನ ಚಿಂತೆ ಮಾಡಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ದವಾಖಾನೆಗೆ ಹೋಗಿ ಬಂದಿದ್ದರು. ಹೋದವರಿಗೆ ಸಿಕ್ಕದ್ದು ಕೆಮ್ಮಿನ ಔಷಧಿ. ಕೆಂಪು ನೀರು, ಬಾಟಲಿ ತರಬೇಕು, ಅಷ್ಟೇ.

ನಾನು ಈ ಪ್ರಬಂಧವನ್ನು ಓದಿದ್ದು ಆಫೀಸಿನ ಕ್ಯಾಂಟೀನಿನಲ್ಲಿ ಕೂತು. ಅರವತ್ತು ವರ್ಷದ ಹಿಂದಿನ ಕಾಗದ. ಓದಿ ಮುಗಿಸಿದಾಗ ಒಂದು ಥರಾ ಸಿಟ್ಟೂ ಸಮಾಧಾನವೂ ಒಟ್ಟಿಗೇ ಆಯಿತು. ನಮ್ಮ ಜನರಿಗೆ ಗೊತ್ತಿತ್ತು! ಗೊತ್ತಿಲ್ಲದಿದ್ದದ್ದು ಕೌಂಟರಿನ ಆ ಕಡೆ ಕೂತವರಿಗೆ.

ಇದರ ಮೇಲೆ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ ನಿಂತಿತು. ಎಕ್ಸ್‌ರೇ ಜಿಲ್ಲಾ ಕೇಂದ್ರದಲ್ಲಿರಲಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಸೂಕ್ಷ್ಮದರ್ಶಕ ಸಾಕು. ಕೆಮ್ಮಿಕೊಂಡು ತಾನಾಗಿ ಬಂದವನ ಕಫ ಪರೀಕ್ಷೆ ಮಾಡಿ, ಅವನನ್ನು ವಾಪಸ್ ಕಳಿಸಬೇಡಿ. ಎಕ್ಸ್‌ರೇಯನ್ನು ಹಿಂದಕ್ಕೆ ಸರಿಸೋಕೆ ಹಣ ಒಂದೇ ಕಾರಣ ಆಗಿರಲಿಲ್ಲ. ಆ ಚಿತ್ರಗಳನ್ನು ಓದೋರ ಮೇಲೇ ಸಂಶಯ ಹುಟ್ಟಿತ್ತು. 1947ರಲ್ಲಿ ಅಮೆರಿಕದಲ್ಲಿ ಬರ್ಕೆಲೋ, ಯೆರುಶಲ್ಮಿ ಮತ್ತು ಸಂಗಡಿಗರು ಐವರು ಪರಿಣತರಿಗೆ ಸಾವಿರಕ್ಕೂ ಹೆಚ್ಚು ಎದೆಯ ಚಿತ್ರ ಕೊಟ್ಟು ಓದಿಸಿದರು. ಒಬ್ಬರು ರೋಗ ಇದೆ ಅಂದದ್ದನ್ನು ಇನ್ನೊಬ್ಬರು ಸುಮಾರು ಮೂರರಲ್ಲಿ ಒಂದು ಸಲ ಒಪ್ಪಲಿಲ್ಲ. ಅದಾದರೂ ಹೋಗಲಿ. ಅದೇ ಚಿತ್ರವನ್ನು ಅದೇ ಪರಿಣತರಿಗೆ ಮತ್ತೆ ಕೊಟ್ಟಾಗ ಐದರಲ್ಲಿ ಒಂದು ಸಲ ತಮ್ಮ ಮಾತನ್ನು ತಾವೇ ಒಪ್ಪಲಿಲ್ಲ. ಎಐ ಮಾಡೆಲ್‌ಗಳಿಗೆ ಡೇಟಾ ಲೇಬಲ್ ಮಾಡಿಸಿದ ಗೆಳೆಯರಿಗೆ ಇದನ್ನು ಹೇಳಿದರೆ ಯಾರೂ ಆಶ್ಚರ್ಯ ಪಡಲ್ಲ.

ಕತೆ ಇಲ್ಲಿಗೇ ನಿಂತಿದ್ದರೆ ಎಕ್ಸ್‌ರೇ ಸೋತಿತು, ಕಫದ ಡಬ್ಬಿ ಗೆದ್ದಿತು ಅಂತ ಬರೆದು ಮುಗಿಸಬಹುದಿತ್ತು. 2019-21ರಲ್ಲಿ ದೇಶದಾದ್ಯಂತ ಮತ್ತೊಂದು ಟಿ.ಬಿ. ಸಮೀಕ್ಷೆ ಆಯಿತು. ಸಿಕ್ಕ ರೋಗಿಗಳಲ್ಲಿ ನೂರಕ್ಕೆ 42.6 ಜನ ಎಕ್ಸ್‌ರೇ ಇಲ್ಲದಿದ್ದರೆ ಕೈಬಿಟ್ಟು ಹೋಗುತ್ತಿದ್ದರು. ಕೆಮ್ಮಿಲ್ಲ, ಜ್ವರ ಇಲ್ಲ, ಹೊಲಕ್ಕೆ ಹೋಗ್ತಿದ್ದಾರೆ, ಎದೆಯಲ್ಲಿ ಮಾತ್ರ ನೆರಳು. ಲಕ್ಷಣ ಇದ್ದವರಲ್ಲೂ ನೂರಕ್ಕೆ 64 ಮಂದಿ ಎಲ್ಲೂ ತೋರಿಸಿರಲಿಲ್ಲ. ತುಮಕೂರಿನ ಲೆಕ್ಕ ತಪ್ಪಾಗಿತ್ತಾ? ನನಗೆ ಹಾಗನ್ನಿಸಲ್ಲ. ಬಂದವರನ್ನು ಮೊದಲು ನೋಡಿ ಅಂದದ್ದು ಆವತ್ತಿನ ಬಡತನಕ್ಕೆ ಸರಿಯಾದ ಉತ್ತರ. ಬಾರದವರ ಪ್ರಶ್ನೆ ಹಾಗೇ ಉಳಿದಿತ್ತು, ಅದು ಈಗ ಎದುರು ಬಂದು ನಿಂತಿದೆ. 2024ರ ಡಿಸೆಂಬರ್ 7ರಂದು ಶುರುವಾದ ನೂರು ದಿನದ ಟಿ.ಬಿ. ಅಭಿಯಾನದಲ್ಲಿ ಕೈಯಲ್ಲೇ ಹಿಡಿದು ಓಡಾಡೋ ಎಕ್ಸ್‌ರೇ ಯಂತ್ರಗಳು ಹಳ್ಳಿಗಳಿಗೆ ಹೋದವು. ವ್ಯಾನ್ ಬೇಕಿಲ್ಲ, ಬೈಕಿನ ಹಿಂದಿನ ಸೀಟು ಸಾಕು.

ಈಗ ಲಿಂಗಸುಗೂರಿಗೆ ಬರೋಣ. ಇದೇ ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಕೋಲಾರದ ಗಣಿ 2001ರಲ್ಲಿ ಮುಚ್ಚಿದ ಮೇಲೆ ದೇಶದ ಚಿನ್ನ ಹೆಚ್ಚುಕಡಿಮೆ ಎಲ್ಲಾ ಇಲ್ಲಿಯದೇ. ಇಲ್ಲಿನ ಹಳೇ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳ ವಯಸ್ಸು ಸುಮಾರು ಎರಡು ಸಾವಿರ ವರ್ಷ. ಆಗಲೇ ಜನ ನೂರಾರು ಅಡಿ ಆಳಕ್ಕೆ ಇಳಿದಿದ್ದರು. ಚಿನ್ನ ಇರೋದು ಬೆಣಚುಕಲ್ಲಿನ ಎಳೆಯಲ್ಲಿ. ಬೆಣಚುಕಲ್ಲು ಅಂದರೆ ಸಿಲಿಕಾ. ಅದನ್ನು ಒಡೆದರೆ ಏಳೋ ಧೂಳಿನಲ್ಲಿ ಕಣ್ಣಿಗೆ ಕಾಣೋ ಕಣ ಅಪಾಯ ಅಲ್ಲ, ಮೂಗು ಗಂಟಲಲ್ಲೇ ಅದು ಸಿಕ್ಕಿಬೀಳುತ್ತೆ. ಕಣ್ಣಿಗೆ ಕಾಣದ್ದು, ಒಂದು ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗಕ್ಕಿಂತ ಚಿಕ್ಕದು, ಶ್ವಾಸಕೋಶದ ಕೊನೆಯ ಗೂಡಿನವರೆಗೂ ಹೋಗುತ್ತೆ. ಅದನ್ನು ನುಂಗಿ ಕರಗಿಸೋಕೆ ಬರೋ ದೇಹದ ಕಾವಲು ಕೋಶ ತಾನೇ ಸಾಯುತ್ತೆ. ಸತ್ತ ಜಾಗ ಗಂಟುಕಟ್ಟುತ್ತೆ. ಹತ್ತು-ಇಪ್ಪತ್ತು ವರ್ಷದಲ್ಲಿ ಸ್ಪಂಜಿನಂಥ ಶ್ವಾಸಕೋಶ ಚಪ್ಪಲಿ ತೊಗಲಾಗುತ್ತೆ. ಹೆಸರು ಸಿಲಿಕೋಸಿಸ್. ಔಷಧಿ ಇಲ್ಲ. 1556ರಲ್ಲೇ ಅಗ್ರಿಕೋಲ ಎಂಬ ಜರ್ಮನ್ ಪಂಡಿತ ಗಣಿಗಾರಿಕೆಯ ಮೇಲಿನ ತನ್ನ ಪುಸ್ತಕದಲ್ಲಿ, ಕಾರ್ಪೇಥಿಯನ್ ಬೆಟ್ಟಗಳ ಗಣಿ ಊರುಗಳಲ್ಲಿ ಒಬ್ಬೊಬ್ಬ ಹೆಂಗಸು ಏಳು ಏಳು ಗಂಡಂದಿರನ್ನು ಮದುವೆಯಾದದ್ದುಂಟು, ಅವರೆಲ್ಲರನ್ನೂ ಈ ಧೂಳು ತಿಂದುಹಾಕಿತು ಅಂತ ಬರೆದ. ಎರಡು ಸಾವಿರ ವರ್ಷದ ಹಿಂದೆ ಹಟ್ಟಿಯಲ್ಲಿ ಕಲ್ಲು ಕುಟ್ಟಿದವರ ಹೆಂಡಂದಿರ ಬಗ್ಗೆ ಬರೆಯೋಕೆ ಅಂಥ ಪಂಡಿತರು ಇರಲಿಲ್ಲ.

ಭಾರತದಲ್ಲಿ ಈ ರೋಗ ಮೊದಲು ದಾಖಲೆಯಾದದ್ದು ಕೋಲಾರದ ಗಣಿಯಿಂದ, 1930ರ ದಶಕದಲ್ಲಿ. 1940ರ ದಶಕದಲ್ಲಿ ಕ್ಯಾಪ್ಲನ್ ಮತ್ತು ಬರ್ಡನ್ ಅಲ್ಲಿನ ಸಾವಿರಾರು ಕಾರ್ಮಿಕರ ಎದೆಯ ಚಿತ್ರ ತೆಗೆಸಿ ನೋಡಿದಾಗ ಹತ್ತರಲ್ಲಿ ನಾಲ್ವರಿಗೆ ಸಿಲಿಕೋಸಿಸ್ ಕಂಡಿತು. ಹತ್ತರಲ್ಲಿ ನಾಲ್ಕು! ಇಲ್ಲಿ ಎಕ್ಸ್‌ರೇಯ ಪಾತ್ರವೇ ಬದಲಾಗಿಬಿಡುತ್ತೆ. ಟಿ.ಬಿ.ಯಲ್ಲಿ ಅದು ಔಷಧಿಗೆ ದಾರಿ. ಇಲ್ಲಿ ಔಷಧಿಯೇ ಇಲ್ಲ, ಅದು ಸಾಕ್ಷಿ. ಪರಿಹಾರ ಕೊಡಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಆ ಕಪ್ಪು ಹಾಳೆ. “ಉಸಿರು ಬರ್ತಿಲ್ಲ ಸ್ವಾಮಿ” ಅಂದರೆ ಕಾನೂನು ಕೇಳಲ್ಲ. ಹಾಳೆ ಹೇಳಿದರೆ ಕೇಳುತ್ತೆ.

ಸಾಕ್ಷಿ ಅಂದ ಮೇಲೆ ಓದೋರು ಒಬ್ಬೊಬ್ಬರು ಒಂದೊಂದು ಹೇಳಿದರೆ ಆಗಲ್ಲವಲ್ಲ. ಅದಕ್ಕೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಐಎಲ್ಓ, ಒಂದು ಮಾನದಂಡ ಮಾಡಿತು. 1930ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ, ಚಿನ್ನದ ಗಣಿಗಳ ಊರಿನಲ್ಲೇ, ಶುರುವಾದ ಕೆಲಸ ಅದು. ಆಮೇಲೆ ಎಷ್ಟೋ ಸಲ ತಿದ್ದಿದರು. ಕ್ರಮ ಹೀಗಿದೆ: ಒಂದು ಕಟ್ಟು ಮಾದರಿ ಚಿತ್ರಗಳು ಇರುತ್ತವೆ. ಕಾರ್ಮಿಕನ ಚಿತ್ರವನ್ನು ಅವುಗಳ ಪಕ್ಕ ಇಟ್ಟು ಹೋಲಿಸಬೇಕು. ದುಂಡನೆ ಚುಕ್ಕೆ ಒಂದೂವರೆ ಮಿಲಿಮೀಟರ್ ಒಳಗಿದ್ದರೆ ಒಂದು ಅಕ್ಷರ, ಮೂರರ ಒಳಗಿದ್ದರೆ ಇನ್ನೊಂದು, ಹತ್ತರ ಒಳಗಿದ್ದರೆ ಮತ್ತೊಂದು. ಚುಕ್ಕೆ ಎಷ್ಟು ದಟ್ಟ ಅನ್ನೋದಕ್ಕೆ ಸೊನ್ನೆಯಿಂದ ಮೂರರವರೆಗೆ ನಾಲ್ಕು ಮೆಟ್ಟಿಲು, ಪ್ರತಿ ಮೆಟ್ಟಿಲಲ್ಲೂ ಮೂರು ಒಳಮೆಟ್ಟಿಲು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಪದ್ಧತಿ: ಓದೋನು ಎರಡು ಅಂಕಿ ಬರೀಬೇಕು. ಮೊದಲನೆಯದು ಅವನ ತೀರ್ಮಾನ, ಎರಡನೆಯದು ಅವನು ಗಂಭೀರವಾಗಿ ಯೋಚಿಸಿ ಬಿಟ್ಟ ಇನ್ನೊಂದು ಸಾಧ್ಯತೆ. 1/0 ಅಂದರೆ ‘ಒಂದು ಅಂತೀನಿ, ಆದರೆ ಸೊನ್ನೆ ಇರಬಹುದಾ ಅಂತ ಯೋಚನೆ ಮಾಡಿದ್ದೆ’ ಅಂತ. ಅನುಮಾನವನ್ನು ಮುಚ್ಚಿಡದೆ ದಾಖಲೆಯಲ್ಲೇ ಬರೆದಿಡೋ ಇಂಥ ಪ್ರಾಮಾಣಿಕ ಫಾರ್ಮ್ಯಾಟ್ ನಾನು ಸಾಫ್ಟ್‌ವೇರ್‌ನಲ್ಲಿ ಹೆಚ್ಚು ನೋಡಿಲ್ಲ.

ಗಣಿ ಕಾರ್ಮಿಕರಿಗೆ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಇಷ್ಟಿಷ್ಟು ವರ್ಷಕ್ಕೊಮ್ಮೆ ಎದೆಯ ಚಿತ್ರ ತೆಗೆಸಲೇಬೇಕು ಅಂತ ನಿಯಮ ಇದೆ. ಹಟ್ಟಿಯಂಥ ಕಡೆ ಯೂನಿಯನ್ ಇದೆ, ಆಸ್ಪತ್ರೆ ಇದೆ, ಫೈಲ್ ಇದೆ. ಆದರೆ ಸಿಲಿಕಾ ಇರೋದು ಚಿನ್ನದ ಗಣಿಯಲ್ಲಷ್ಟೇ ಅಲ್ಲ. ಇಳಕಲ್ ಸುತ್ತಮುತ್ತ ಕೆಂಪು ಗ್ರಾನೈಟ್ ಕ್ವಾರಿಗಳಿವೆ. ಹೆದ್ದಾರಿ ಪಕ್ಕದಲ್ಲಿ ಜಲ್ಲಿ ಕ್ರಷರ್‌ಗಳಿವೆ. ಮಸ್ಕಿ, ಲಿಂಗಸುಗೂರು ಕಡೆಯಿಂದ ಗುಳೆ ಹೋಗೋ ಜನ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಟೈಲ್ಸ್, ಗ್ರಾನೈಟ್ ಕಟಿಂಗ್ ಮಾಡ್ತಾರೆ. ಹೊಸ ಫ್ಲಾಟಿನ ಕಿಚನ್ ಕೌಂಟರ್ ಕತ್ತರಿಸೋವಾಗ ಬಿಳೀ ಮೋಡದೊಳಗೆ ಟವಲ್ ಕಟ್ಟಿಕೊಂಡು ಕೂತಿರೋ ಹುಡುಗನನ್ನು ನೀವೂ ನೋಡಿರ್ತೀರಿ. ಅವನ ಎದಿ ಫೋಟೋ ಯಾವ ಫೈಲಿನಲ್ಲೂ ಇಲ್ಲ.

ನಮ್ಮ ಸೋದರಮಾವ ಹನ್ನೊಂದು ವರ್ಷ ಕ್ರಷರ್‌ನಲ್ಲಿ ದುಡಿದವರು. ಐವತ್ತರ ಹತ್ತಿರ ಕೆಮ್ಮು, ಏದುಸಿರು ಶುರುವಾಯಿತು. ಒಂದು ದವಾಖಾನೆಯಲ್ಲಿ ಫೋಟೋ ನೋಡಿ ಟಿ.ಬಿ. ಅಂದರು. ಕಫದಲ್ಲಿ ಏನೂ ಸಿಗಲಿಲ್ಲ, ಆದರೂ ಆರು ತಿಂಗಳು ಮಾತ್ರೆ. ಗುಣ ಆಗಲಿಲ್ಲ. ಒಂದೂವರೆ ವರ್ಷ ಬಿಟ್ಟು ಇನ್ನೊಂದು ದವಾಖಾನೆ, ಮತ್ತೆ ಟಿ.ಬಿ., ಮತ್ತೆ ಮಾತ್ರೆ. ಊರಲ್ಲಿ ಅವರ ತಟ್ಟೆ ಲೋಟ ಬೇರೆ ಆಯಿತು, ಮಗಳ ಸಂಬಂಧವೊಂದು ಮುರಿಯಿತು. ಮೂರನೇ ಸಲ ಬೇರೆ ಊರಿನಲ್ಲಿ ವಯಸ್ಸಾದ ಡಾಕ್ಟರೊಬ್ಬರು ಹಳೇ ಮೂರೂ ಹಾಳೆಗಳನ್ನು ಸಾಲಾಗಿ ಲೈಟಿಗೆ ಸಿಗಿಸಿ ನೋಡಿ, ಹಿಂದಕ್ಕೆ ತಿರುಗಿ ಕೇಳಿದರು: “ಯಜಮಾನ್ರ, ಏನ್ ಕೆಲಸ ಮಾಡ್ತಿದ್ರಿ ನೀವು?”

“ಕಲ್ಲಿನ ಮಿಷನ್ದಾಗ ಇದ್ನಿರಿ.”

“ಎಷ್ಟ್ ವರ್ಷ?”

ಅಷ್ಟೇ. ಎರಡು ಪ್ರಶ್ನೆ. ಇಟಲಿಯ ರಾಮಜ್ಜೀನಿ ಅನ್ನೋ ವೈದ್ಯ ಮುನ್ನೂರು ವರ್ಷದ ಹಿಂದೆಯೇ, ರೋಗಿಗೆ ಕೇಳೋ ಪ್ರಶ್ನೆಗಳ ಸಾಲಿಗೆ ‘ನಿನ್ನ ಕಸುಬು ಏನು’ ಅನ್ನೋದನ್ನೂ ಸೇರಿಸಿರಿ ಅಂತ ಹೇಳಿದ್ದ. ಎಕ್ಸ್‌ರೇ ಮೇಲೆ ಸಿಲಿಕೋಸಿಸ್‌ನ ಚುಕ್ಕೆ ಮತ್ತು ಟಿ.ಬಿ.ಯ ಚುಕ್ಕೆ ಎಷ್ಟೋ ಸಲ ಒಂದೇ ಥರ, ಎರಡೂ ಶ್ವಾಸಕೋಶದ ಮೇಲ್ಭಾಗವನ್ನೇ ಹುಡುಕುತ್ತವೆ. ಸಾಲದ್ದಕ್ಕೆ ಸಿಲಿಕೋಸಿಸ್ ಇದ್ದವರಿಗೆ ಟಿ.ಬಿ. ತಗಲೋದೂ ಹೆಚ್ಚು, ಹಾಗಾಗಿ ಎರಡೂ ಒಟ್ಟಿಗೇ ಇರಬಹುದು. ಚಿತ್ರ ಎಷ್ಟೇ ಸ್ಪಷ್ಟ ಇದ್ದರೂ ಕಸುಬು ಕೇಳದೆ ಅದಕ್ಕೆ ಹೆಸರಿಡೋಕೆ ಆಗಲ್ಲ.

ಇದಕ್ಕೆ ನಮ್ಮ ಮಸ್ಕಿಯಲ್ಲೇ ಒಂದು ಉದಾಹರಣೆ ಇದೆ, ವೈದ್ಯಕೀಯದ್ದಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ದೇಶದ ತುಂಬ ಕಲ್ಲುಗಳ ಮೇಲೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅಂತ ಇತ್ತು. ಅಕ್ಷರ ಎಲ್ಲ ಸ್ಪಷ್ಟ. ಯಾರು ಈ ರಾಜ? ಶ್ರೀಲಂಕಾದ ಹಳೇ ಗ್ರಂಥಗಳ ಆಧಾರದಿಂದ ಅಶೋಕ ಇರಬೇಕು ಅಂತ ಊಹೆ ಮಾಡಿದರು. ಮುಂದೆ 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿ ಗುಡ್ಡದಲ್ಲಿ ಒಂದು ಶಾಸನ ಕಂಡ. ಅದರಲ್ಲಿ ‘ಅಶೋಕ’ ಅಂತ ಹೆಸರೇ ಇತ್ತು. ಚಿನ್ನ ಹುಡುಕೋ ಕಸುಬಿನವನಿಗೆ ಸಿಕ್ಕದ್ದು ಆ ಹೆಸರು. (ಆಮೇಲೆ ಬಳ್ಳಾರಿ ಕಡೆಯ ನಿಟ್ಟೂರು, ಉದೇಗೋಳದಲ್ಲೂ ಸಿಕ್ಕಿತು.) 78 ವರ್ಷ ಓದಲು ಬರುತ್ತಿದ್ದ ಬರಹಕ್ಕೆ ಖಾತ್ರಿ ಕೊಟ್ಟದ್ದು ಬೇರೆ ಕಡೆಯ ಒಂದು ಶಬ್ದ. ಮಾವನ ಎದೆಯ ಚುಕ್ಕೆಗಳನ್ನೂ ಮೂರು ಸಲ ಓದಿದ್ದರು.

ಮಾವ ಈಗ ಹತ್ತು ಹೆಜ್ಜೆ ನಡೆದು ನಿಂತು ಉಸಿರು ತಗೋತಾರೆ. ರೋಗದ ಹೆಸರು ಗೊತ್ತಾದ ಮೇಲೂ ಪರಿಹಾರ ಕೇಳೋಕೆ ಕ್ರಷರ್ ಮಾಲೀಕನ ಹಾಜರಿ ಪುಸ್ತಕ ಬೇಕು. ಅದರಲ್ಲಿ ಅವರ ಹೆಸರು ಇಲ್ಲ, ವಾರದ ಕೂಲಿ ಕೈಗೆ. ರಾಜಸ್ಥಾನ 2019ರಲ್ಲಿ ಈ ರೋಗಕ್ಕೇ ಒಂದು ನೀತಿ ಮಾಡಿದೆ. ಕಾರ್ಮಿಕ ತಾನೇ ಅರ್ಜಿ ಹಾಕಬಹುದು, ವೈದ್ಯರ ಮಂಡಳಿ ಎಕ್ಸ್‌ರೇ ನೋಡಿ ಪ್ರಮಾಣಪತ್ರ ಕೊಡುತ್ತೆ, ಮಾಲೀಕ ಯಾರು ಅನ್ನೋದರ ಮೇಲೆ ಹಣ ನಿಲ್ಲಲ್ಲ. ಅಂಥದ್ದು ನಮ್ಮಲ್ಲೂ ಬೇಕು ಅಂತ ನನ್ನ ವಾದ.

ಉಳಿದ ಯಂತ್ರಗಳ ಕತೆ ನಿಮಗೆ ಗೊತ್ತಿರೋದೇ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಲೋಹದ ಬಿರುಕು ಹುಡುಕೋ ಕಾರ್ಖಾನೆ ಯಂತ್ರದಿಂದ ಹೊಟ್ಟೆಯೊಳಗಿನ ಕೂಸನ್ನು ನೋಡಿದ. ಅದೇ ಇವತ್ತು ಸಿಂಧನೂರಿನ ‘ಸ್ಕ್ಯಾನಿಂಗ್’. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಅನ್ನೋ ಬೋರ್ಡು 1994ರ ಕಾಯಿದೆಯದ್ದು. ಗೋಡೆಗೆ ಇಂಥ ಬೋರ್ಡು ಹಾಕಿಸಿಕೊಂಡ ಬೇರೆ ಯಾವ ವೈದ್ಯಕೀಯ ಯಂತ್ರವೂ ನನಗೆ ಗೊತ್ತಿಲ್ಲ. 1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ಮೊದಲ ಸಿ.ಟಿ. ಸ್ಕ್ಯಾನ್ ತೆಗೆದ, ಮೊದಲ ಬಾರಿಗೆ ಚಿತ್ರವನ್ನು ಕ್ಯಾಮೆರಾ ಅಲ್ಲ, ಕಂಪ್ಯೂಟರ್ ಲೆಕ್ಕ ಮಾಡಿ ಕಟ್ಟಿತು. 2021ರ ಮೇ ತಿಂಗಳಲ್ಲಿ ನಮ್ಮ ಊರುಗಳಲ್ಲಿ ಯಾರು ಸಿಕ್ಕರೂ ಮೊದಲ ಮಾತು “ಸ್ಕೋರ್ ಎಷ್ಟು?”. 25ಕ್ಕೆ 8, 25ಕ್ಕೆ 14, ಥೇಟ್ ಪರೀಕ್ಷೆಯ ಅಂಕ. ಏಮ್ಸ್‌ನ ರಣದೀಪ್ ಗುಲೇರಿಯಾ ಒಂದು ಸಿ.ಟಿ. ಅಂದರೆ 300-400 ಎಕ್ಸ್‌ರೇಗೆ ಸಮ ಅಂತ ಎಚ್ಚರಿಸಿದರು, ರೇಡಿಯಾಲಜಿಸ್ಟ್‌ಗಳ ಸಂಘ ಅದು ಹಳೇ ಲೆಕ್ಕ ಅಂತ ತಿರುಗಿಬಿತ್ತು. ಇಬ್ಬರ ಜಗಳದ ನಡುವೆ ನಮ್ಮವರು ಹೊಲ ಒತ್ತೆ ಇಟ್ಟು ರಾಯಚೂರಿಗೆ ಗಾಡಿ ಮಾಡಿಕೊಂಡು ಹೋಗ್ತಿದ್ದರು. ಚಿತ್ರ ಇಲ್ಲದೆ ಯಾರೂ ಬೆಡ್ ಕೊಡಲ್ಲ ಅನ್ನೋ ಭಯ.

ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2002ರಿಂದ ಅಮೆರಿಕದ ಆಸ್ಪತ್ರೆಗಳ ರಾತ್ರಿ ಪಾಳಿಯ ಸ್ಕ್ಯಾನ್‌ಗಳನ್ನು ಹಗಲಲ್ಲಿ ಕೂತು ಓದಿ ಕಳಿಸೋ ಸಂಸ್ಥೆ ಇದೆ. ದೂರ ಈಗ ಅಡ್ಡಿ ಅಲ್ಲ. ಟಿ.ಬಿ. ಹುಡುಕೋಕೆ ಎದೆಯ ಚಿತ್ರವನ್ನು ಮನುಷ್ಯರ ಬದಲು ಸಾಫ್ಟ್‌ವೇರ್ ಓದಬಹುದು ಅಂತ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಒಪ್ಪಿದೆ. ತನ್ನ ಮಾತನ್ನು ತಾನೇ ಐದರಲ್ಲಿ ಒಂದು ಸಲ ಒಪ್ಪದ ಪರಿಣತನಿಗಿಂತ ಯಂತ್ರ ಒಳ್ಳೇದೇ, ಕೊನೇಪಕ್ಷ ಒಂದೇ ಚಿತ್ರಕ್ಕೆ ಎರಡು ಉತ್ತರ ಕೊಡಲ್ಲ. ನಾನು ಇದರ ವಿರೋಧಿ ಅಲ್ಲ. ಆದರೆ ಟಿ.ಬಿ. ಹುಡುಕೋಕೆ ಕಲಿಸಿದ ಯಂತ್ರ ಟಿ.ಬಿ.ಯನ್ನೇ ಹುಡುಕುತ್ತೆ. ಕಲ್ಲಿನ ಮಿಷನ್‌ನ ವಿಷಯ ಅದಕ್ಕೆ ಯಾರೂ ಹೇಳಿರಲ್ಲ.

ಹೇಳೋಕೆ ಜಾಗ ಇಲ್ಲ ಅಂತಲ್ಲ. ಜಗತ್ತಿನ ಎಲ್ಲ ಆಸ್ಪತ್ರೆಯ ಚಿತ್ರಗಳೂ ಓಡಾಡೋದು ಡೈಕಾಮ್ ಅನ್ನೋ ಒಂದೇ ಫೈಲ್ ರೂಪದಲ್ಲಿ. ಚಿತ್ರದ ಜೊತೆಗೇ ರೋಗಿಯ ಹೆಸರು, ವಯಸ್ಸು, ಯಂತ್ರದ ಸೆಟ್ಟಿಂಗ್ ಎಲ್ಲ ಒಂದೊಂದು ನಂಬರಿನ ಖಾನೆಯಲ್ಲಿ ಇರುತ್ತೆ. (0010,2180) ಅನ್ನೋ ಖಾನೆ ರೋಗಿಯ ಕಸುಬಿನದ್ದು. ಮಾನದಂಡ ಬರೆದವರು ರಾಮಜ್ಜೀನಿಯ ಮಾತನ್ನು ಮರೆತಿರಲಿಲ್ಲ. ಆದರೆ ಅದು ‘ಐಚ್ಛಿಕ’ ವರ್ಗದ ಖಾನೆ. ನನ್ನ ಕಣ್ಣ ಮುಂದೆ ಹಾದುಹೋದ ಟೆಸ್ಟ್ ಫೈಲುಗಳಲ್ಲಿ ಅದು ತುಂಬಿದ್ದನ್ನು ನಾನು ನೋಡಿಲ್ಲ. ಹೋದ ವರ್ಷ ಒಂದು ಮೀಟಿಂಗ್‌ನಲ್ಲಿ, ಎದೆಯ ಚಿತ್ರಕ್ಕಾದರೂ ನಮ್ಮ ಸ್ಕ್ರೀನಿನಲ್ಲಿ ಇದನ್ನು ಕಡ್ಡಾಯ ಮಾಡೋಣ ಅಂತ ಪ್ರಸ್ತಾಪ ಇಟ್ಟೆ. ಒಂದು ಖಾನೆ ಜಾಸ್ತಿ ಆದರೆ ಟೆಕ್ನಿಷಿಯನ್‌ಗೆ ಪ್ರತಿ ರೋಗಿಗೆ ಹತ್ತು ಹದಿನೈದು ಸೆಕೆಂಡು ಜಾಸ್ತಿ ಹಿಡಿಯುತ್ತೆ, ಗಿರಾಕಿ ಒಪ್ಪಲ್ಲ ಅಂತ ಉತ್ತರ ಬಂತು. ಟಿಕೆಟ್ ಇನ್ನೂ ಬ್ಯಾಕ್‌ಲಾಗ್‌ನಲ್ಲಿದೆ. ಪ್ರತಿ ಸ್ಪ್ರಿಂಟ್‌ನಲ್ಲೂ ಅದನ್ನು ಎತ್ತಿ ಮೇಲೆ ಇಡ್ತೀನಿ, ಯಾರೋ ಕೆಳಗೆ ಇಳಿಸ್ತಾರೆ.